ಕ್ಯಾಮರಾ ಅಲ್ಲಿ, ಕೈ ಇಲ್ಲಿ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಬೇರಿಕೆ, ಹೊಸೂರಿನ ಈಶಾನ್ಯಕ್ಕೆ ಕರ್ನಾಟಕದ ಗಡಿಯ ಹತ್ತಿರವಿರುವ ಊರು. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಆ ಊರು ಗಡಿನಾಡಿನವರಾದ ನಮಗೆ ಪರಕೀಯವೆನಿಸದು. ಇಂಥ ಊರುಗಳ ಛಾಯಾಗ್ರಾಹಕರಿಗೂ ಇಂದು ಒಂದು ಹೊಸ ಅನುಕೂಲ ಒದಗಿದೆ. ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ತಾವು ದೂರದಲ್ಲಿದ್ದು, ಮೊಬೈಲ್, ಟ್ಯಾಬ್ಲೆಟ್ ಅಥವಾ ಲ್ಯಾಪ್‌ಟಾಪಿನಿಂದ ಚಿತ್ರ ತೆಗೆಯುವುದೇ ಆ ಅನುಕೂಲ.

ಹಿಂದೆ ಇದಕ್ಕೆ ಸೆಲ್ಫ್ ಟೈಮರ್ ಇತ್ತು. ಗುಂಡಿ ಒತ್ತಿ, ಹತ್ತು ಸೆಕೆಂಡಿನೊಳಗೆ ಓಡಿಬಂದು, ಗುಂಪಿನಲ್ಲಿ ನಿಂತು ನಗಬೇಕು! ಯಾರು ಕಣ್ಣು ಮುಚ್ಚಿದ್ದರೆಂಬುದು ಫಿಲ್ಮು ತೊಳೆದ ಮೇಲೆಯೇ ತಿಳಿಯುತ್ತಿತ್ತು. ಇಂದಿನ ಅನೇಕ ಡಿಜಿಟಲ್ ಕ್ಯಾಮರಾಗಳು ತಾವೇ ವೈಫೈ ಸಂಪರ್ಕ ಕಲ್ಪಿಸುತ್ತವೆ, ಇಂಟರ್‌ನೆಟ್ ಬೇಕಿಲ್ಲ. ಕ್ಯಾಮರಾ ತಯಾರಕರು ಕೊಡುವ ಆ್ಯಪ್ ಫೋನಿನಲ್ಲಿದ್ದರೆ ಲೆನ್ಸ್ ಕಾಣುವ ದೃಶ್ಯ ಫೋನಿನಲ್ಲೇ ಮೂಡುತ್ತದೆ. ಬೆರಳು ಮುಟ್ಟಿಸಿದಲ್ಲಿ ಫೋಕಸ್ ಆಗುತ್ತದೆ. ಎಷ್ಟೋ ಕ್ಯಾಮರಾಗಳಲ್ಲಿ ಬೆಳಕು, ಶಟರ್ ವೇಗಗಳನ್ನೂ ಅಲ್ಲಿಂದಲೇ ಬದಲಿಸಬಹುದು. ಗೋಡೆ ಅಡ್ಡ ಬಂದರೆ ಸಂಪರ್ಕ ಕುಂದುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಲ್ಯಾಪ್‌ಟಾಪಿಗೆ ಯುಎಸ್‌ಬಿ ತಂತಿ ಜೋಡಿಸುವುದು ಹೆಚ್ಚು ಭರವಸೆಯ ದಾರಿ.

ಇದೇ ಕೆಲಸ ಬಹು ದೊಡ್ಡ ಪ್ರಮಾಣದಲ್ಲಿ ನಡೆಯುವ ಸ್ಥಳವೊಂದು ಬೇರಿಕೆಗೆ ದೂರವಿಲ್ಲ. ಗಡಿ ದಾಟಿ ಮಾಲೂರಿನ ಮೇಲೆ ಸಾಗಿದರೆ ಹೊಸಕೋಟೆ. ಅಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ 'ಕ್ರೆಸ್ಟ್' ಕೇಂದ್ರವಿದೆ. ಅದರ ದೂರದರ್ಶಕವಿರುವುದಾದರೋ 2,000 ಕಿಲೋಮೀಟರಿಗೂ ಆಚೆ, ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ! ಅದರ ಕನ್ನಡಿಯ ವ್ಯಾಸ 2 ಮೀಟರ್. ಹೆಸರು ಹಿಮಾಲಯನ್ ಚಂದ್ರ ದೂರದರ್ಶಕ. ಇಲ್ಲಿ ಚಂದ್ರನೆಂದರೆ ಆಕಾಶದ ಚಂದ್ರನಲ್ಲ, ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್.

ಗಾಳಿ ತೆಳುವಾಗಿ, ಒಣಗಿ, ಆಕಾಶ ನಿರ್ಮಲವಾಗಿರುವುದರಿಂದ ನಕ್ಷತ್ರವೀಕ್ಷಣೆಗೆ ಹಾನ್ಲೆ ಶ್ರೇಷ್ಠ. ಆದರೆ ಅದೇ ತೆಳುಗಾಳಿ ಮನುಷ್ಯನ ಉಸಿರಿಗೆ ಕಷ್ಟ; ಚಳಿಗಾಲದ ಶೀತವಂತೂ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದುಂಟು. ಆದುದರಿಂದ 2001ರಲ್ಲಿ ಉಪಗ್ರಹ ಸಂಪರ್ಕ ಏರ್ಪಡಿಸಿ, ಹೊಸಕೋಟೆಯಿಂದಲೇ ದೂರದರ್ಶಕವನ್ನು ತಿರುಗಿಸುವ, ಅದರ ಕ್ಯಾಮರಾದಿಂದ ಚಿತ್ರ ತೆಗೆಯುವ ವ್ಯವಸ್ಥೆ ಮಾಡಲಾಯಿತು. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೇರಿ ಇಳಿಯಲು ಸಂಕೇತಕ್ಕೆ ಹಿಡಿಯುವುದು ಕಾಲು ಸೆಕೆಂಡು ಮಾತ್ರ.

ಹಾಗಾದರೆ ಹಾನ್ಲೆಯಲ್ಲಿ ಮನುಷ್ಯರೇ ಬೇಡವೇ? ಬೇಕು. ಕ್ಯಾಮರಾವನ್ನು ತಣ್ಣಗಿಡಲು ದ್ರವ ಸಾರಜನಕ ತುಂಬಬೇಕು, ಯಂತ್ರ ಕೆಟ್ಟರೆ ರಿಪೇರಿ ಮಾಡಬೇಕು. ಆ ಶೀತದಲ್ಲಿ ದುಡಿಯುವ ಸಿಬ್ಬಂದಿಯಿಲ್ಲದೆ ಹೊಸಕೋಟೆಯ ಕಂಪ್ಯೂಟರಿನಲ್ಲಿ ಒಂದು ನಕ್ಷತ್ರವೂ ಮೂಡದು.

ದೂರನಿಯಂತ್ರಣ ಬಂದರೆ ಕೆಲಸಗಾರನಿಗೆ ಕೆಲಸವಿಲ್ಲವೆಂದು ಹೆದರುವವರು ಇದನ್ನು ಗಮನಿಸಬೇಕೆಂದು ನಮಗೆ ತೋರುತ್ತದೆ. ಮದುವೆಯ ಚಪ್ಪರದಲ್ಲಿ ಮಂಟಪದ ಮೇಲೊಂದು ಕ್ಯಾಮರಾ ಕಟ್ಟಿ ಕೆಳಗಿನಿಂದ ಫೋನಿನಲ್ಲಿ ಧಾರೆಯ ಚಿತ್ರ ತೆಗೆಯಬಹುದು. ಆದರೆ ಕ್ಯಾಮರಾ ಬೀಳದಂತೆ ಬಿಗಿಯಾಗಿ ಕಟ್ಟುವ ಕೈ ಬೇಕು. ಧಾರೆಯ ನೀರು ಬೀಳುವ ಗಳಿಗೆಯನ್ನರಿತ ಕಣ್ಣೂ ಬೇಕು.

ಇನ್ನೊಂದು ಮಾತು. ಹಕ್ಕಿಯ ಗೂಡಿನ ಚಿತ್ರ ತೆಗೆಯುವವರಿಗೆ ಈ ಸಾಧನ ವರವೇ ಸರಿ. ಮನುಷ್ಯ ದೂರವಿದ್ದರೆ ತಾಯಿಹಕ್ಕಿ ಧೈರ್ಯದಿಂದ ಮರಿಗಳಿಗೆ ಗುಟುಕು ಕೊಟ್ಟೀತು. ಆದರೆ ಕ್ಯಾಮರಾ ಇಡಲು ಗೂಡಿನ ಮರೆಯ ಕೊಂಬೆ ಕಡಿದರೆ ಮರಿಗಳು ಕಾಗೆಯ ಪಾಲಾಗುತ್ತವೆ. ಜನರ ಚಿತ್ರ ತೆಗೆಯುವಾಗಲೂ ಅಷ್ಟೆ. ಕ್ಯಾಮರಾದ ಹಿಂದೆ ನಿಂತವನನ್ನು ಕಂಡರೆ ಬೇಡವೆನ್ನಬಹುದು. ಒಂಟಿ ಕ್ಯಾಮರಾಕ್ಕೆ ಬೇಡವೆನ್ನುವುದು ಹೇಗೆ? ಆದುದರಿಂದ ಮೊದಲೇ ಕೇಳಿ, ಒಪ್ಪಿಗೆ ಪಡೆದು ಗುಂಡಿ ಒತ್ತುವುದು ಮರ್ಯಾದೆ. ದೂರದಲ್ಲಿ ಕುಳಿತವರ ಹೊಣೆ ಹತ್ತಿರ ನಿಂತವರದಕ್ಕಿಂತ ಕಡಿಮೆಯಲ್ಲ.