ಸೂಪರ್ ಹೆಕ್ಸಗನ್ ಆಟದಲ್ಲಿ ಕಾಠಿನ್ಯದ ವಿನ್ಯಾಸ

ಸೂಪರ್ ಹೆಕ್ಸಗನ್ ಎಂಬುದು ಐರ್ಲೆಂಡಿನ ಆಟ ವಿನ್ಯಾಸಕಾರ ಟೆರ್ರಿ ಕ್ಯಾವನಾ ಅವರು ರಚಿಸಿ 2012ರಲ್ಲಿ ಬಿಡುಗಡೆ ಮಾಡಿದ ಕಿರು ವೀಡಿಯೊ ಆಟ. ಹೊಸಬರು ಕೆಲವೇ ಸೆಕೆಂಡುಗಳಲ್ಲಿ ಸೋಲುವಷ್ಟು ಇದು ಕಠಿನವಾದುದು. ಆದರೂ ಆಟಗಾರರು ಬೇಸರಗೊಳ್ಳದೆ ಮತ್ತೆ ಮತ್ತೆ ಆಡುವಂತೆ ಇದರ ಕಾಠಿನ್ಯವನ್ನು ಯೋಜಿಸಲಾಗಿದೆ.

ಹಿನ್ನೆಲೆ

ನಾಣ್ಯ ಹಾಕಿ ಆಡುವ ಯಂತ್ರಗಳಿರುವ ಸಾರ್ವಜನಿಕ ಮಳಿಗೆಗೆ ಆರ್ಕೇಡ್ ಎಂದು ಹೆಸರು. ಒಂದೇ ನಾಣ್ಯಕ್ಕೆ ಒಬ್ಬನು ಗಂಟೆಗಟ್ಟಲೆ ಆಡಿದರೆ ಮಳಿಗೆಯವರಿಗೆ ನಷ್ಟ. ಆರಂಭದಲ್ಲಿಯೇ ಸೋತುಹೋದರೆ ಅವನು ಮರಳಿ ಬರಲಾರ. ಆದ್ದರಿಂದ ಕಾಠಿನ್ಯವು ಕ್ರಮೇಣ ಏರುವಂತೆ ಆಟಗಳನ್ನು ರೂಪಿಸುವುದು ರೂಢಿಯಾಯಿತು. ಜಪಾನಿನ ತೊಮೊಹಿರೊ ನಿಶಿಕಾಡೊ ಅವರು ರಚಿಸಿದ ಸ್ಪೇಸ್ ಇನ್ವೇಡರ್ಸ್ (1978) ಆಟದಲ್ಲಿ ಶತ್ರುಗಳ ಸಂಖ್ಯೆ ಇಳಿದಂತೆ ಉಳಿದವರ ವೇಗ ಹೆಚ್ಚುತ್ತದೆ. ಪರದೆಯ ಮೇಲೆ ಚಿತ್ರಿಸಬೇಕಾದ ಆಕೃತಿಗಳು ಕಡಿಮೆಯಾದಾಗ ಪ್ರೊಸೆಸರಿನ ಹೊರೆ ಇಳಿಯುತ್ತಿದ್ದುದೇ ಇದಕ್ಕೆ ಕಾರಣ. ಯಂತ್ರದ ಮಿತಿಯಿಂದ ಹುಟ್ಟಿದ ಈ ಗುಣವನ್ನು ನಿಶಿಕಾಡೊ ಹಾಗೆಯೇ ಉಳಿಸಿಕೊಂಡರು.

ನಾಣ್ಯದ ಲೆಕ್ಕಾಚಾರ ಮರೆಯಾದ ಮೇಲೆಯೂ ಈ ಪರಂಪರೆಯಲ್ಲಿ ಸ್ವತಂತ್ರ ವಿನ್ಯಾಸಕಾರರು ಪ್ರಯೋಗಗಳನ್ನು ನಡೆಸಿದರು. ಕ್ಯಾವನಾ ಅವರು 2012ರಲ್ಲಿ ಪೈರೇಟ್ ಕಾರ್ಟ್ ಎಂಬ ಆಟ ರಚನೆಯ ಕೂಟಕ್ಕಾಗಿ ಹೆಕ್ಸಗನ್ ಎಂಬ ಪುಟ್ಟ ಆಟವನ್ನು ಸಿದ್ಧಪಡಿಸಿದರು. ಅದರ ವಿಸ್ತೃತ ರೂಪವೇ ಸೂಪರ್ ಹೆಕ್ಸಗನ್. ಇದರ ಸಂಗೀತ ಚಿಪ್‌ಜೆಲ್ ಅವರದು.

ಆಟದ ಸ್ವರೂಪ

ಪರದೆಯ ನಡುವೆ ಒಂದು ಷಟ್ಕೋನವಿದ್ದು, ಅದರ ಸುತ್ತ ಆಟಗಾರನ ಪುಟ್ಟ ತ್ರಿಕೋನ ತಿರುಗುತ್ತದೆ. ಹೊರಗಿನಿಂದ ಗೋಡೆಗಳು ಕೇಂದ್ರದತ್ತ ಧಾವಿಸಿ ಬರುತ್ತವೆ. ಅವುಗಳ ನಡುವಿನ ತೆರಪಿನಲ್ಲಿ ನುಸುಳಿಕೊಳ್ಳುವುದೇ ಆಟ. ಎಡಕ್ಕೆ ಅಥವಾ ಬಲಕ್ಕೆ ಸರಿಯುವುದನ್ನು ಬಿಟ್ಟರೆ ಬೇರೆ ಚಲನೆಯಿಲ್ಲ. ಒಟ್ಟು ಆರು ಹಂತಗಳಿವೆ. ಆರಂಭದಲ್ಲಿ ಮೂರು ಮಾತ್ರ ತೆರೆದಿರುತ್ತವೆ. ಒಂದು ಹಂತದಲ್ಲಿ 60 ಸೆಕೆಂಡು ಉಳಿದುಕೊಂಡರೆ ಅದರ ಇನ್ನೂ ಕಠಿನವಾದ ರೂಪ ತೆರೆದುಕೊಳ್ಳುತ್ತದೆ. ಸುಲಭ ಎಂಬ ಹಂತವೇ ಇಲ್ಲ. ಮೊದಲನೆಯದನ್ನೇ ಕಠಿನ ಎಂದು ಹೆಸರಿಸಲಾಗಿದೆ.

ಕಾಠಿನ್ಯದ ಮೂಲಗಳು

ಗೋಡೆಗಳ ವೇಗ ಮೊದಲನೆಯ ಮೂಲ. ಎರಡನೆಯದು ದಿಕ್ಕಿನ ಗೊಂದಲ: ಇಡೀ ಪರದೆ ಸುತ್ತುತ್ತ, ಸಂಗೀತದೊಡನೆ ಮಿಡಿಯುತ್ತ, ಬಣ್ಣ ಬದಲಿಸುತ್ತಿರುತ್ತದೆ. ಮೂರನೆಯದು ಅನಿಶ್ಚಿತತೆ. ಗೋಡೆಗಳ ವಿನ್ಯಾಸಗಳು ಮೊದಲೇ ನಿಗದಿಯಾಗಿದ್ದರೂ ಅವು ಬರುವ ಕ್ರಮ ಪ್ರತಿಸಲವೂ ಬೇರೆ. ಆದ್ದರಿಂದ ಇಡೀ ಹಂತವನ್ನು ಕಂಠಪಾಠ ಮಾಡಲಾಗದು; ಆದರೆ ಒಂದೊಂದು ವಿನ್ಯಾಸವನ್ನೂ ಗುರುತಿಸಲು ಕಲಿಯಬಹುದು. ಮಗ್ಗಿ ಬಾಯಿಗೆ ಬಂದವರು ಯಾವ ಲೆಕ್ಕ ಕೊಟ್ಟರೂ ಅದನ್ನು ಬಳಸುವಂತೆ, ಪಳಗಿದ ಆಟಗಾರ ತಾನು ಅರಿತ ವಿನ್ಯಾಸ ಎಲ್ಲಿ ಎದುರಾದರೂ ಅದಕ್ಕೆ ತಕ್ಕಂತೆ ಚಲಿಸುತ್ತಾನೆ.

ಸೋಲಿನ ಸ್ಥಾನ

ಕಠಿನವಾದ ಆಟವೆಲ್ಲ ಒಳ್ಳೆಯ ಆಟವಾಗದು. ಏಕೆ ಸೋತೆನೆಂದು ತಿಳಿಯದಿದ್ದರೆ ಆಟಗಾರನಿಗೆ ಅದು ಅನ್ಯಾಯವೆನಿಸುತ್ತದೆ. ಸೂಪರ್ ಹೆಕ್ಸಗನ್‌ನಲ್ಲಿ ಸೋಲಿನ ಕಾರಣ ಕಣ್ಣೆದುರೇ ಇರುತ್ತದೆ: ತ್ರಿಕೋನ ಗೋಡೆಗೆ ತಗುಲಿತು, ಅಷ್ಟೆ. ಅದೃಷ್ಟವನ್ನಾಗಲಿ ಎದುರಾಳಿಯನ್ನಾಗಲಿ ದೂರುವಂತಿಲ್ಲ. ಸೋತೊಡನೆ ಕಾಯದೆ ಮರಳಿ ಆರಂಭಿಸಬಹುದಾದ್ದರಿಂದ ಕಲಿತದ್ದು ಮರೆಯುವ ಮೊದಲೇ ಪರೀಕ್ಷೆಗೊಳಗಾಗುತ್ತದೆ. ಕಳೆದುಕೊಳ್ಳುವುದೂ ಹೆಚ್ಚೆಂದರೆ ಕೆಲವು ಸೆಕೆಂಡುಗಳ ಶ್ರಮವನ್ನು. 10, 20, 30 ಮತ್ತು 45 ಸೆಕೆಂಡುಗಳನ್ನು ದಾಟಿದಾಗ ಕ್ರಮವಾಗಿ ರೇಖೆ, ತ್ರಿಕೋನ, ಚೌಕ, ಪಂಚಕೋನ ಎಂಬ ಘೋಷಣೆ ಕೇಳಿಸುತ್ತದೆ. 60 ಸೆಕೆಂಡಿನ ದೂರದ ಗುರಿಯನ್ನು ಹೀಗೆ ಮೆಟ್ಟಿಲುಗಳಾಗಿ ಒಡೆದಿರುವುದರಿಂದ ಸೋತವನಿಗೂ ತನ್ನ ಪ್ರಗತಿ ಗೋಚರಿಸುತ್ತದೆ.

ಆಟ ಮುಂದುವರಿದಂತೆ ಗೋಡೆಗಳು ನಿಧಾನವಾಗುವುದಿಲ್ಲ. ಆಟಗಾರನ ದೃಷ್ಟಿ ಚುರುಕಾಗುತ್ತದೆ. ಮೊದಲ ದಿನ ಅಸಾಧ್ಯವೆನಿಸಿದ ವೇಗವು ಅಭ್ಯಾಸದಿಂದ ಸಹಜವಾಗಿ ತೋರುವುದೇ ಈ ವಿನ್ಯಾಸದ ಸಾಧನೆ.