ಹಾಸಿಗೆ ಹಿಡಿದವರ ಪಾಲಿಗೆ ಊರಲ್ಲಿ ಯಾರು?

2011ರ ಜನಗಣತಿಯಂತೆ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ, ಅವರಲ್ಲಿ ಶೇ. 70ರಷ್ಟು ಮಂದಿ ಹಳ್ಳಿಗಳವರು. ಇವರಿಗಾಗಿ ಸರ್ಕಾರ ಏನೂ ಮಾಡಿಲ್ಲವೆಂದರೆ ತಪ್ಪಾದೀತು. ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. 2024ರಲ್ಲಿ ಕೇಂದ್ರವು 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಆರೋಗ್ಯ ವಿಮೆಯನ್ನು ವಿಸ್ತರಿಸಿತು. ಆದರೆ ಆ ವಿಮೆಯ ಐದು ಲಕ್ಷ ಸಿಗುವುದು ಆಸ್ಪತ್ರೆಗೆ ದಾಖಲಾದಾಗ. ಲಕ್ವ ಹೊಡೆದವರು ವಾರದಲ್ಲಿ ಮನೆಗೆ ಮರಳುತ್ತಾರೆ. ಆಮೇಲೆ ವರ್ಷಗಟ್ಟಲೆ ಮಗ್ಗುಲು ಬದಲಿಸಬೇಕು, ಸ್ನಾನ ಮಾಡಿಸಬೇಕು, ಬೆನ್ನಿನ ಹುಣ್ಣು ತೊಳೆಯಬೇಕು. ಈ ದುಡಿಮೆ ಯಾವ ಯೋಜನೆಯ ಲೆಕ್ಕದಲ್ಲೂ ಸರಿಯಾಗಿ ಸೇರಿಲ್ಲ. ಮಾಡುವವರು ಹೆಚ್ಚಾಗಿ ಸೊಸೆಯೋ ಮಗಳೋ, ಅಥವಾ ತಾನೇ ಮುಪ್ಪಾದ ಹೆಂಡತಿ. ಅದಕ್ಕಾಗಿ ಬಿಟ್ಟ ಕೂಲಿಯನ್ನು ಕೇಳುವವರಿಲ್ಲ.

ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಸರ್ಕಾರಕ್ಕೇಕೆ ಆ ಉಸಾಬರಿ ಎನ್ನುವವರಿದ್ದಾರೆ. 2007ರ ಪಾಲಕರ ಪೋಷಣೆ ಕಾಯ್ದೆ ಹೇಳುವುದೂ ಅದನ್ನೇ. ಆದರೆ ಕಾಯ್ದೆ ಮಗನಿಂದ ಜೀವನಾಂಶ ಕೊಡಿಸಬಹುದು, ಬೆಂಗಳೂರಿನಲ್ಲಿ ದುಡಿಯುವ ಅವನನ್ನು ದಿನವೂ ಹಾಸಿಗೆಯ ಪಕ್ಕ ಕೂರಿಸಲಾರದು. ಹಣವಿಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆದರೂ ದಾರಿಯಿದೆ: ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ (ವಾಸಿಯಾಗದ ರೋಗಿಗಳ ನರಳಾಟ ತಗ್ಗಿಸುವ ಶುಶ್ರೂಷೆಗೆ) ನೀತಿ ರೂಪಿಸಿ, ಪಂಚಾಯಿತಿಗಳ ಮೂಲಕ ನರ್ಸುಗಳನ್ನು ಮನೆಮನೆಗೆ ಕಳಿಸಿತು. ಜೊತೆಗೆ ಊರಿನ ಸ್ವಯಂಸೇವಕರೂ ನಿಂತರು. ಅಲ್ಲಿನ ಪಂಚಾಯಿತಿಗಳಿಗೆ ಹಣವೂ ಅಧಿಕಾರವೂ ಹೆಚ್ಚು, ನಿಜ. ಹಾಗಿದ್ದೂ ಪ್ರತಿ ಹೋಬಳಿಗೆ ತರಬೇತಿ ಪಡೆದ, ಸಂಬಳವಿರುವ ಇಬ್ಬರು ಆರೈಕೆದಾರರಿಂದ ನಾವು ಶುರುಮಾಡಬಹುದು. ಈಗಾಗಲೇ ಹೊರೆ ಹೊತ್ತಿರುವ ಆಶಾ ಕಾರ್ಯಕರ್ತೆಯರ ತಲೆಗೇ ಇದನ್ನೂ ಕಟ್ಟುವುದು ಮಾತ್ರ ಬೇಡ.