ಅಣ್ವಸ್ತ್ರಗಳ ಒಡಂಬಡಿಕೆಯೂ ಅದರ ಕಾವಲೂ

೧೯೪೫ನೆಯ ಇಸವಿಯ ಆಗಸ್ಟ್ ತಿಂಗಳ ೬ ಮತ್ತು ೯ನೆಯ ತಾರೀಖುಗಳಂದು ಜಪಾನಿನ ಹಿರೋಷಿಮಾ, ನಾಗಸಾಕಿ ನಗರಗಳ ಮೇಲೆ ಅಣುಬಾಂಬುಗಳು ಬಿದ್ದ ವೃತ್ತಾಂತವನ್ನು ವಾಚಕರೆಲ್ಲರೂ ಬಲ್ಲರು. ಒಂದು ರಾಷ್ಟ್ರವು ಕಲಿತ ಈ ಘೋರ ವಿದ್ಯೆಯನ್ನು ಮಿಕ್ಕವೂ ಕಲಿತರೆ ಲೋಕದ ಗತಿಯೇನೆಂಬ ಚಿಂತೆಯು ಅಂದಿನಿಂದಲೇ ಹುಟ್ಟಿತು. ೧೯೭೦ರ ದಶಕದಲ್ಲಿ ಹದಿನೈದರಿಂದ ಇಪ್ಪತ್ತೈದು ರಾಷ್ಟ್ರಗಳ ಕೈಯಲ್ಲಿ ಈ ಅಸ್ತ್ರವಿರಬಹುದೆಂದು ಅಮೇರಿಕದ ಅಧ್ಯಕ್ಷ ಕೆನೆಡಿಯವರು ೧೯೬೩ರಲ್ಲಿ ಶಂಕಿಸಿದರು. ಇಂದು ಅದನ್ನು ಹೊಂದಿರುವ ರಾಷ್ಟ್ರಗಳು ಒಂಬತ್ತು. ಆ ಭೀತಿಯು ಪೂರ್ಣವಾಗಿ ನಿಜವಾಗದೆ ಹೋದುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದ ಒಂದನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

೧೯೫೮ರಲ್ಲಿ ಐರ್ಲೆಂಡೆಂಬ ಚಿಕ್ಕ ದೇಶದ ವಿದೇಶಾಂಗ ಮಂತ್ರಿಗಳಾದ ಫ್ರ್ಯಾಂಕ್ ಏಕನ್‌ರವರು ಅಣ್ವಸ್ತ್ರಗಳ ಹರಡಿಕೆಯನ್ನು ತಡೆಯಬೇಕೆಂಬ ಸಲಹೆಯನ್ನು ವಿಶ್ವಸಂಸ್ಥೆಯ ಮುಂದಿಟ್ಟರು. ೧೯೬೧ರಲ್ಲಿ ಅದರ ಮಹಾಸಭೆಯು ಏಕಮತದಿಂದ ಇದಕ್ಕೆ ಒಪ್ಪಿತು. ಇದರ ಫಲವಾದ ಒಡಂಬಡಿಕೆಗೆ ೧೯೬೮ನೆಯ ಜುಲೈ ೧ರಂದು ರುಜುಗಳು ಬೀಳತೊಡಗಿದವು. ೧೯೭೦ನೆಯ ಮಾರ್ಚ್ ೫ರಂದು ಅದು ಜಾರಿಗೆ ಬಂದಿತು.

ಅದರ ಮುಖ್ಯ ಷರತ್ತುಗಳು ಮೂರು. ಅಣ್ವಸ್ತ್ರವಿಲ್ಲದ ರಾಷ್ಟ್ರಗಳು ಅದನ್ನು ಮಾಡಕೂಡದು, ಪಡೆಯಲೂ ಕೂಡದು. ವಿದ್ಯುತ್ತು, ವೈದ್ಯ, ವ್ಯವಸಾಯ ಮೊದಲಾದ ಶಾಂತಿಕಾರ್ಯಗಳಿಗೆ ಪರಮಾಣು ವಿದ್ಯೆಯನ್ನು ಬಳಸಲು ಅವುಗಳಿಗೆ ಹಕ್ಕುಂಟು. ಇನ್ನು, ೧೯೬೭ಕ್ಕೆ ಮುಂಚೆಯೇ ಅಸ್ತ್ರವನ್ನು ಸಿಡಿಸಿದ್ದ ಅಮೇರಿಕ, ರಷ್ಯ, ಬ್ರಿಟನ್, ಫ್ರಾನ್ಸ್, ಚೀನಗಳನ್ನೊಳಗೊಂಡು ಒಡಂಬಟ್ಟವರೆಲ್ಲರೂ ನಿರಸ್ತ್ರೀಕರಣಕ್ಕಾಗಿ ಸದ್ಭಾವದಿಂದ ಮಾತುಕತೆ ನಡೆಸತಕ್ಕದ್ದು.

ಮಾತು ಕೊಡುವುದು ಸುಲಭ. ಕೊಟ್ಟ ಮಾತು ನಡೆಯುತ್ತಿರುವುದೆಂದು ನೆರೆಯವರಿಗೆ ತಿಳಿಯುವುದೆಂತು? ಈ ಹೊಣೆಯು ೧೯೫೭ರಲ್ಲಿ ಸ್ಥಾಪಿತವಾಗಿ ವಿಯೆನ್ನಾ ನಗರದಲ್ಲಿ ನೆಲೆಸಿರುವ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯದು. ಗಣಿಯಿಂದ ತೆಗೆದ ಯುರೇನಿಯಮ್ಮಿನಲ್ಲಿ ಸಿಡಿಯತಕ್ಕ ಅಂಶವು ನೂರಕ್ಕೆ ಒಂದು ಪಾಲೂ ಇಲ್ಲ. ಅದನ್ನು ೩ರಿಂದ ೫ ಪಾಲಿಗೇರಿಸಿದರೆ ಸಾಮಾನ್ಯ ವಿದ್ಯುದಾಗಾರಕ್ಕೆ ಸಾಕು. ಸುಮಾರು ೯೦ಕ್ಕೇರಿಸಿದರೆ ಬಾಂಬಿಗಾಗುವುದು. ಎರಡನ್ನೂ ಮಾಡುವ ಯಂತ್ರಗಳು ಒಂದೇ ಬಗೆಯವು. ಆದುದರಿಂದ ಈ ಕಾವಲೆಂಬುದು ಬಹುಮಟ್ಟಿಗೆ ಲೆಕ್ಕದ ಕೆಲಸ. ಜಾಣೆಯಾದ ಗೃಹಿಣಿಯು ಉಗ್ರಾಣದ ಧಾನ್ಯವನ್ನು ಅಳೆದಿಡುವಂತೆ, ಪರೀಕ್ಷಕರು ಪದಾರ್ಥವನ್ನು ತೂಗಿ, ಲೆಕ್ಕದ ಪುಸ್ತಕದೊಡನೆ ತಾಳೆನೋಡಿ, ಉಗ್ರಾಣಕ್ಕೆ ಮುದ್ರೆಯೊತ್ತಿ, ಕ್ಯಾಮೆರಾಗಳನ್ನಿರಿಸುವರು. ಎಂಟು ಕಿಲೋಗ್ರಾಂ ಪ್ಲುಟೋನಿಯಮ್ ಕಾಣೆಯಾದರೆ ಅದು ಒಂದು ಬಾಂಬಿಗೆ ಸಾಕಾದೀತೆಂಬುದು ಅವರ ಎಣಿಕೆ.

ಆದರೆ ತೋರಿಸದ ಕೋಣೆಯನ್ನು ಅಳೆಯುವುದೆಂತು? ಒಡಂಬಡಿಕೆಗೆ ಸೇರಿದ್ದ ಇರಾಕ್ ದೇಶವು ಗುಪ್ತವಾಗಿ ಅಸ್ತ್ರದ ಯತ್ನ ನಡೆಸಿದ್ದುದು ೧೯೯೧ರ ಯುದ್ಧಾನಂತರ ಬೆಳಕಿಗೆ ಬಂದಿತು. ಇದರಿಂದ ಪಾಠ ಕಲಿತು, ತಿಳಿಸದ ಸ್ಥಳಗಳಿಗೂ ಹೋಗಿ ನೋಡುವ ಅಧಿಕಾರವನ್ನು ಪರೀಕ್ಷಕರಿಗೆ ಕೊಡುವ ಹೆಚ್ಚಿನ ನಿಬಂಧನೆಯನ್ನು ೧೯೯೭ರಲ್ಲಿ ರಚಿಸಿದರು. ಅದನ್ನು ಒಪ್ಪಿದ ದೇಶಗಳಿಗೆ ಮಾತ್ರ ಅದು ಅನ್ವಯಿಸುವುದು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ತಾನೇ ಮಾಡಿದ್ದ ಆರು ಬಾಂಬುಗಳನ್ನು ಕಳಚಿಹಾಕಿ, ೧೯೯೧ರಲ್ಲಿ ಒಡಂಬಡಿಕೆಯನ್ನು ಸೇರಿದ ದಕ್ಷಿಣ ಆಫ್ರಿಕವು, ೧೯೯೩ರಲ್ಲಿ ಆ ಸಂಗತಿಯನ್ನು ಲೋಕಕ್ಕೆ ಪ್ರಕಟಿಸಿ ತನ್ನ ಲೆಕ್ಕವನ್ನು ಪರೀಕ್ಷಕರ ಮುಂದಿಟ್ಟಿತು.

ಭಾರತ, ಪಾಕಿಸ್ತಾನ, ಇಸ್ರೇಲ್‌ಗಳು ಈ ಒಡಂಬಡಿಕೆಗೆ ಸೇರಿಲ್ಲ. ಕೆಲವರಿಗೆ ಅಸ್ತ್ರ, ಉಳಿದವರಿಗೆ ನಿಷೇಧವೆಂಬ ಭೇದವು ನ್ಯಾಯವಲ್ಲವೆಂದು ನಮ್ಮ ದೇಶದ ಆಕ್ಷೇಪ. ಈ ಆಕ್ಷೇಪವನ್ನು ಹಗುರವಾಗಿ ಎಣಿಸಲಾಗದು. ೧೯೮೦ರ ದಶಕದ ನಡುವೆ ಸುಮಾರು ಎಪ್ಪತ್ತು ಸಾವಿರವಿದ್ದ ಅಣ್ವಸ್ತ್ರಗಳು ಈಗ ಸುಮಾರು ಹನ್ನೆರಡು ಸಾವಿರಕ್ಕೆ ಇಳಿದಿವೆಯಾದರೂ, ಮೂರನೆಯ ಷರತ್ತು ಇನ್ನೂ ನೆರವೇರಿಲ್ಲ. ೨೦೧೫ರಲ್ಲಿಯೂ ೨೦೨೨ರಲ್ಲಿಯೂ ನೆರೆದ ಪರಿಶೀಲನಾ ಸಭೆಗಳು ಒಮ್ಮತವಿಲ್ಲದೆ ಮುಗಿದವು. ಹಿರಿಯರು ತಮ್ಮ ಮಾತನ್ನು ನಡೆಸದಿದ್ದರೆ ಕಿರಿಯರನ್ನು ಎಷ್ಟು ಕಾಲ ಮಾತಿಗೆ ಕಟ್ಟಿಹಾಕಬಹುದು?

ಉತ್ತರ ಕೊರಿಯವು ೨೦೦೨ರ ಡಿಸೆಂಬರಿನಲ್ಲಿ ಮುದ್ರೆಗಳನ್ನು ಕಿತ್ತು ಪರೀಕ್ಷಕರನ್ನು ಹೊರಗಟ್ಟಿತು. ಮರುತಿಂಗಳೇ ಒಡಂಬಡಿಕೆಯನ್ನು ತೊರೆಯುವೆನೆಂದು ಸಾರಿತು. ೨೦೦೬ರಲ್ಲಿ ಬಾಂಬನ್ನು ಸಿಡಿಸಿತು. ಆದಕಾರಣ, ಪರೀಕ್ಷಕರಿಗೆ ಬಾಗಿಲು ಮುಚ್ಚಿತೆಂಬ ಸಣ್ಣ ಸುದ್ದಿಯು ವೃತ್ತಪತ್ರಿಕೆಯ ಮೂಲೆಯಲ್ಲಿ ಕಂಡರೆ, ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಅದನ್ನು ಓದದೆ ಪುಟ ಮಗುಚದಿರಲೆಂದು ಕೋರುವೆವು.